ಅವ್ವನಿಗಾಗಿ ಪಿಕಪ್ಪಿಗೆ ಸೀಟು ಹಾಕಿಸಿದ್ದು

ನಮ್ಮ ಅವ್ವನಿಗೆ ಗಾಡಿ ಆಗುವುದಿಲ್ಲ. ಕಿಟಕಿಗೆ ಗಾಜು ಇರುವ ಯಾವ ವಾಹನದಲ್ಲಿ ಕೂಡಿಸಿದರೂ ಅರ್ಧ ತಾಸಿನೊಳಗೆ ಮುಖ ಬಿಳಿಚಿಕೊಳ್ಳುತ್ತದೆ, ಮಾತು ನಿಲ್ಲುತ್ತದೆ. ಅವ್ವನ ಮಾತು ನಿಂತಿತೆಂದರೆ ನಾವೆಲ್ಲ ಪ್ಲಾಸ್ಟಿಕ್ ಚೀಲ ಹುಡುಕತೊಡಗುತ್ತೇವೆ. ರೈಲು ಪರವಾಗಿಲ್ಲ, ಆಟೋ ಪರವಾಗಿಲ್ಲ. ಬಸ್ಸು, ಕಾರು ಎಂದರೆ ಮುಗಿಯಿತು. ನನ್ನ ಹೆಂಡತಿಯ ಅಣ್ಣ ಹೊಸ ಕಾರು ಕೊಂಡಾಗ, ಪೂಜೆ ಮಾಡಿಸಿ, ಮೊದಲ ಸುತ್ತಿಗೆ ಹಿರಿಯರೇ ಕೂಡಬೇಕೆಂದು ಪ್ರೀತಿಯಿಂದ ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೊರಟಿದ್ದ. ನಮ್ಮ ಮನೆಯಿರುವ ಬಿಬವೇವಾಡಿಯ ಇಳಿಜಾರು ಮುಗಿಯುವುದರೊಳಗೆ ಆ ಕಾರು ಹಳೆಯದಾಯಿತು.

ಇದರಿಂದ ಒಂದು ಹರಕೆ ಉಳಿದುಹೋಗಿತ್ತು. ನನಗೆ ಕನ್ಯೆ ಸಿಗದೆ ಒದ್ದಾಡುತ್ತಿದ್ದ ಕಾಲದಲ್ಲಿ ಅವ್ವ ರಾಂಜಣಗಾಂವದ ಗಣಪತಿಗೆ ಹರಕೆ ಹೊತ್ತಿದ್ದಳು, ಮದುವೆಯಾದರೆ ನಡೆದುಬಂದು ಮೋದಕದ ನೈವೇದ್ಯ ಕೊಡುತ್ತೇನೆ ಎಂದು. ಮದುವೆಯಾಯಿತು. ಆಮೇಲೆ ನೋಡಿದರೆ ರಾಂಜಣಗಾಂವ ನಡೆದು ಹೋಗುವಷ್ಟು ಹತ್ತಿರ ಇರಲಿಲ್ಲ. ನಡೆಯುವ ಮಾತನ್ನು ಪೂಜಾರಿಯೊಬ್ಬರನ್ನು ಕೇಳಿ ರದ್ದು ಮಾಡಿಸಿಕೊಂಡಳು. ಆದರೆ ಹೋಗುವುದು ಹೇಗೆ? ಆ ಕಡೆ ರೈಲಿಲ್ಲ. ಹೀಗೆ ವರ್ಷಗಳು ಉರುಳಿದವು. ನಾನು ಮನೆಯಲ್ಲಿ ಏನಾದರೂ ಮರೆತರೆ, ತಪ್ಪಿದರೆ, ನನ್ನ ಹೆಂಡತಿ ಗಣಪತಿಯ ಮೇಲೆಯೇ ಹಾಕುತ್ತಿದ್ದಳು. “ಹರಕಿ ತೀರ್ಸಿಲ್ಲ ನೋಡ್ರಿ, ಅದಕ್ಕ ದೇವರು ಅರ್ಧಾ ಕೆಲಸ ಮಾಡಿ ಕೈಬಿಟ್ಟಾನ.”

ಅಪ್ಪನದು ಮಾರ್ಕೆಟ್ ಯಾರ್ಡಿನಲ್ಲಿ ಬೆಳ್ಳುಳ್ಳಿಯ ಅಂಗಡಿ. ಹುಡುಗನಾಗಿದ್ದಾಗ ವಿಜಯಪುರದ ಕಡೆಯಿಂದ ಈ ಮರಾಠಿ ಊರಿಗೆ ಬಂದು ಬೇರೆಯವರ ಅಂಗಡಿಯಲ್ಲಿ ಗುಮಾಸ್ತನಾಗಿದ್ದು, ಆಮೇಲೆ ತನ್ನದೇ ಅಂಗಡಿ ಹಾಕಿಕೊಂಡವನು. ನಾನೂ ಅಲ್ಲೇ ಕೂಡುತ್ತೇನೆ. ಹೋಟೆಲುಗಳಿಗೆ, ಸಣ್ಣ ಅಂಗಡಿಗಳಿಗೆ ಮಾಲು ಮುಟ್ಟಿಸಲು ನಮ್ಮದೊಂದು ಪಿಕಪ್ ಗಾಡಿ ಇದೆ. ಬಿಳಿ ಬಣ್ಣದ್ದು. ಒಳಗೆ, ಹೊರಗೆ, ಸ್ಟಿಯರಿಂಗಿಗೆ ಸಹ ಬೆಳ್ಳುಳ್ಳಿಯ ವಾಸನೆ.

ಒಂದು ದಸರೆಯಲ್ಲಿ ಅಂಗಡಿಯ ತಕ್ಕಡಿಗೆ ಪೂಜೆ ಮಾಡಲು ಅವ್ವ ಆಟೋದಲ್ಲಿ ಬಂದಳು. ಪೂಜೆ ಮುಗಿಯುವ ಹೊತ್ತಿಗೆ ಆಟೋದವರ ಮುಷ್ಕರ ಶುರುವಾಗಿತ್ತು. ಎಷ್ಟು ಕಾದರೂ ಒಂದು ಆಟೋ ಇಲ್ಲ. ಕಡೆಗೆ ಅಪ್ಪ ಅವಳನ್ನು ಪಿಕಪ್ಪಿನ ಹಿಂದೆ ಬೆಳ್ಳುಳ್ಳಿ ಚೀಲಗಳ ಮೇಲೆ ಕೂಡಿಸಿ ಮನೆಗೆ ಕಳಿಸಿದ. ನಾನೂ ಜೊತೆಗೆ ಹೋದೆ. ಪ್ಲಾಸ್ಟಿಕ್ ಚೀಲ ಕೈಯಲ್ಲೇ ಹಿಡಿದುಕೊಂಡಿದ್ದೆ. ಅವ್ವ ಮಾತ್ರ ಸೆರಗು ತಲೆಗೆ ಬಿಗಿದುಕೊಂಡು, ಎರಡೂ ಕಡೆಯ ಅಂಗಡಿಗಳ ಬೋರ್ಡು ಓದುತ್ತ, ಸಿಗ್ನಲ್ಲಿನಲ್ಲಿ ನಿಂತ ಬೈಕಿನವರಿಗೆ ಹಬ್ಬದ ಶುಭಾಶಯ ಹೇಳುತ್ತ ಮನೆ ಮುಟ್ಟಿದಳು.

“ಎಷ್ಟ್ ಛಂದ ಗಾಳಿ ಬರ್ತದೋ! ಈ ಗಾಡಿಯೊಳಗ ನಾ ಕಾಶಿಗೂ ಹೋಗ್ತೀನಿ,” ಎಂದಳು.

ಅಪ್ಪ ಆ ರಾತ್ರಿ ಊಟ ಮುಗಿಸಿ ಕೈ ತೊಳೆದ. ಆಮೇಲೆ ಹೇಳಿದ, “ಹಿಂದ ಸೀಟ್ ಹಾಕ್ಸೋಣು.”

ನಾನು ನಮ್ಮ ಮನೆಯ ಅಂಜುಬುರುಕ. ಮರುದಿನವೇ ಯಾರ್ಡಿನಲ್ಲಿ ಗಾಡಿಗಳ ಕಾಗದಪತ್ರ ಮಾಡಿಸಿಕೊಡುವ ಏಜೆಂಟನನ್ನು ಕಂಡೆ. ಮಾಲು ಸಾಗಿಸಲು ನೋಂದಾಯಿಸಿದ ಗಾಡಿಯಲ್ಲಿ ಜನರನ್ನು ಕೂಡಿಸುವ ಹಾಗಿಲ್ಲ, ಕೂಡಿಸಬೇಕಾದರೆ ನೋಂದಣಿಯೇ ಬದಲಾಗಬೇಕು, ವಿನ್ಯಾಸಕ್ಕೆ ಒಪ್ಪಿಗೆ ಬೇಕು, ತೆರಿಗೆ ಬೇರೆ, ಇನ್ಶೂರೆನ್ಸ್ ಬೇರೆ, ಅಷ್ಟೆಲ್ಲ ಮಾಡಿದರೂ ಆಮೇಲೆ ಬೆಳ್ಳುಳ್ಳಿ ಹಾಕುವ ಹಾಗಿಲ್ಲ ಎಂದು ಅವನು ಚಹಾ ಆರುವವರೆಗೆ ವಿವರಿಸಿದ. ನಾನು ಬಂದು ಅಪ್ಪನಿಗೆ ಒಂದೂ ಬಿಡದೆ ಹೇಳಿದೆ.

“ಅದು ಪ್ಯಾಸೆಂಜರ್ ಒಯ್ಯವ್ರಿಗೆ. ನಾವೆಲ್ಲಿ ಪ್ಯಾಸೆಂಜರ್ ಒಯ್ತೀವಿ?”

“ಮತ್ತ ಅವ್ವ?”

“ನಿಮ್ಮವ್ವ ಪ್ಯಾಸೆಂಜರ್ ಏನಲೇ?” ಅಪ್ಪನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಯಾರ್ಡಿನ ಹಿಂದಿನ ರಸ್ತೆಯಲ್ಲಿ ಟೆಂಪೋಗಳಿಗೆ ಬಾಡಿ ಕಟ್ಟುವ ಮರಾಠಿ ಮಿಸ್ತ್ರಿಯೊಬ್ಬ ಇದ್ದ. ಅವನು ಜೀವನವಿಡೀ ಕಟ್ಟಿದ್ದು ಮೂಟೆಗಳಿಗೆ, ಪೆಟ್ಟಿಗೆಗಳಿಗೆ, ಒಂದೆರಡು ಸಲ ಎಮ್ಮೆಗಳಿಗೆ. ಮನುಷ್ಯರಿಗೆ ಕಟ್ಟುವ ಅವಕಾಶ ಸಿಕ್ಕಿದ್ದು ಅವನಿಗೆ ದೊಡ್ಡ ಉತ್ಸಾಹ ತಂದಿತು. ಎದುರುಬದುರು ಎರಡು ಬೆಂಚು, ಮೇಲೆ ಕಮಾನಿನ ಹಾಗೆ ಬಗ್ಗಿಸಿದ ಪೈಪು, ಅದರ ಮೇಲೆ ತಾಡಪತ್ರಿ ಎನ್ನುವ ಟಾರ್ಪಾಲಿನ್ ಹೊದಿಕೆ, ಹಿಂದೆ ಹತ್ತಲು ಮೆಟ್ಟಿಲು. ಬೆಂಚುಗಳನ್ನು ಬೋಲ್ಟು ಹಾಕಿ ಕೂಡಿಸಬೇಕು, ಭಾನುವಾರ ಹಾಕಿ ಸೋಮವಾರ ಬಿಚ್ಚುವ ಹಾಗಿರಬೇಕು ಎಂದು ಅಪ್ಪ ಮತ್ತೆ ಮತ್ತೆ ಹೇಳಿದ. ಮಿಸ್ತ್ರಿ ತಲೆಯಾಡಿಸಿದ. ಒಬ್ಬೊಬ್ಬರಿಗೆ ಎಷ್ಟು ಜಾಗ ಬಿಡಲಿ ಎಂದು ಕೇಳಿದ.

ಮರುದಿನ ಅಪ್ಪ ಅವ್ವನನ್ನೇ ಕರೆತಂದ. ಮಿಸ್ತ್ರಿ ಒಂದು ಹಲಗೆಯ ಮೇಲೆ ಅವಳನ್ನು ಕೂಡಿಸಿ, ಸಂಕೋಚದಿಂದ ಮುಖ ಆ ಕಡೆ ತಿರುಗಿಸಿಕೊಂಡು, ಎಡಕ್ಕೊಂದು ಬಲಕ್ಕೊಂದು ಸೀಮೆಸುಣ್ಣದ ಗೆರೆ ಎಳೆದ. ಅವ್ವ ಎದ್ದು ಗೆರೆಗಳ ನಡುವಿನ ಜಾಗ ನೋಡಿದಳು. ಸ್ವಲ್ಪ ಹೊತ್ತು ಅದು ತನ್ನದೇ ಎಂದು ನಂಬಲಿಲ್ಲ. ಆಮೇಲೆ, “ಇನ್ನೊಂದೀಟ ಬಿಡಂತ ಹೇಳು. ಸೀರಿ ನಿರಿಗಿ ಹಿಡಸಬೇಕಲ್ಲ,” ಎಂದು ನನ್ನ ಕಡೆಯಿಂದ ಮರಾಠಿಯಲ್ಲಿ ಹೇಳಿಸಿದಳು.

ತಾಡಪತ್ರಿ ಆರಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನೀಲಿ ಬೇಡ, ಅದು ಮಳೆಗಾಲದಲ್ಲಿ ಎಲ್ಲರೂ ಹಾಕುವುದು. ಹಸಿರು ಬೇಡ, ತರಕಾರಿಯವರದು. ಕೊನೆಗೆ ಕಿತ್ತಳೆಗೂ ಕೆಂಪಿಗೂ ನಡುವಿನ ಒಂದು ಬಣ್ಣ ಒಪ್ಪಿಗೆಯಾಯಿತು. ಬೆಂಚಿನ ಮೆತ್ತೆಗಳನ್ನು ಮಿಸ್ತ್ರಿ ಗುಜರಿಗೆ ಹೋದ ಒಂದು ಬಸ್ಸಿನಿಂದ ತಂದ. ಅದರಲ್ಲೊಂದರ ಬೆನ್ನಿಗೆ ‘ಅಂಗವಿಕಲರಿಗೆ ಮೀಸಲು’ ಎಂದು ಮರಾಠಿಯಲ್ಲಿ ಬರೆದಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಗಾಡಿ ಬಿಬವೇವಾಡಿಯ ನಮ್ಮ ಗಲ್ಲಿಗೆ ಬಂದ ದಿನ ಜನ ಸುತ್ತಲೂ ನಿಂತರು. ಯಾವ ಪಕ್ಷದಿಂದ ನಿಲ್ಲುತ್ತಿದ್ದೀರಿ ಎಂದು ಇಸ್ತ್ರಿ ಅಂಗಡಿಯವನು ಅಪ್ಪನನ್ನು ಕೇಳಿದ. ಪ್ರಚಾರದ ಗಾಡಿ ಎಂದುಕೊಂಡಿದ್ದ. ಅಪ್ಪ ಹೌದು ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. ಎರಡು ದಿನ ಇಸ್ತ್ರಿ ಬಟ್ಟೆ ಬೇಗ ಬೇಗ ಬಂತು.

ಭಾನುವಾರ ರಾಂಜಣಗಾಂವಕ್ಕೆ ಹೊರಡುವುದೆಂದಾಯಿತು. ನಮ್ಮ ಡ್ರೈವರ್ ಬುದ್ಧಿವಂತ. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ಭಾನುವಾರ ತನಗೆ ಊರಲ್ಲಿ ಕೆಲಸವಿದೆ ಎಂದ. ಹೀಗಾಗಿ ಗಾಡಿ ಓಡಿಸುವುದು ನನ್ನ ಪಾಲಿಗೆ ಬಂತು. ಪಕ್ಕದಲ್ಲಿ ಅಪ್ಪ. ಮುಂದಿನ ಸೀಟು ಯಾವತ್ತೂ ಅಪ್ಪನದೇ. ಹಿಂದೆ ಅವ್ವ, ಅವಳ ತಂಗಿ, ಅಂದರೆ ನಮ್ಮ ಚಿಕ್ಕವ್ವ, ನನ್ನ ಹೆಂಡತಿ, ಮತ್ತು ನಾವು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯ ಮರಾಠಿ ಹೆಂಗಸು. ಮೋದಕದ ಡಬ್ಬಿ, ಚಕ್ಕುಲಿಯ ಡಬ್ಬಿ, ಹಚ್ಚಿದ ಅವಲಕ್ಕಿ, ನೀರಿನ ಕೊಡ. ಕೊನೆಯ ಗಳಿಗೆಯಲ್ಲಿ ಅಪ್ಪ ಒಂದು ಚೀಲ ಬೆಳ್ಳುಳ್ಳಿಯನ್ನೂ ಹಿಂದೆ ಎತ್ತಿಟ್ಟ.

“ಗಣಪತಿಗೆ ಬಳ್ಳೊಳ್ಳಿ ಯಾಕ್ರೀ?” ಎಂದಳು ಅವ್ವ.

“ಗಣಪತಿಗಲ್ಲ. ಯಾರರೆ ಕೇಳಿದ್ರ ಗಾಡ್ಯಾಗ ಮಾಲ್ ಅದ ಅನ್ನಾಕ.”

ನಗರ ರಸ್ತೆ ಎನ್ನುವ ಹೆದ್ದಾರಿಗೆ ಬೀಳುವವರೆಗೆ ಎಲ್ಲ ಚೆನ್ನಾಗಿತ್ತು. ಹಿಂದಿನಿಂದ ಭಜನೆ ಕೇಳಿಸುತ್ತಿತ್ತು, ನಡುನಡುವೆ ನಗು. ಕ್ಯಾಬಿನ್ನಿನ ಹಿಂದಿನ ಕಿಂಡಿಯನ್ನು ತಾಡಪತ್ರಿ ಮುಚ್ಚಿಬಿಟ್ಟಿದ್ದರಿಂದ ನನಗೆ ಅವರು ಕಾಣುತ್ತಿರಲಿಲ್ಲ. ವಾಘೋಲಿಯಲ್ಲಿ ಎಂದಿನಂತೆ ಗಾಡಿಗಳ ಜಾತ್ರೆ. ಒಂದು ಮಾರು ಮುಂದೆ ಹೋಗುವುದು, ನಿಲ್ಲುವುದು. ನಿಂತಾಗೊಮ್ಮೆ ಗಾಡಿ ಸ್ವಲ್ಪ ಕುಗ್ಗಿದ ಹಾಗೆ ಅನಿಸಿತು. ರಸ್ತೆಯ ತಗ್ಗು ಇರಬೇಕು ಎಂದುಕೊಂಡೆ. ಭಜನೆಯಲ್ಲಿ ಗಂಡಸರ ದನಿ ಸೇರಿದಂತೆಯೂ ಅನಿಸಿತು. ಪಕ್ಕದ ಬಸ್ಸಿನದಿರಬೇಕು ಎಂದುಕೊಂಡೆ.

ಶಿಕ್ರಾಪುರ ದಾಟಿದ ಮೇಲೆ ಒಬ್ಬ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದ. “ಗಾಡಿ ಬಾಜೂಲಾ ಘ್ಯಾ.” ಪಕ್ಕಕ್ಕೆ ತೆಗೆದುಕೊಂಡೆ. ಅಪ್ಪ ಟೋಪಿ ಸರಿಪಡಿಸಿಕೊಂಡು ಇಳಿದ.

ಪೊಲೀಸ್ ಕಾಗದ ನೋಡಿದ, ಗಾಡಿ ನೋಡಿದ, ತಾಡಪತ್ರಿಯ ಬಣ್ಣ ನೋಡಿದ. ಇದು ಮಾಲಿನ ಗಾಡಿಯಲ್ಲವೇ, ಮಾಲು ಎಲ್ಲಿ ಎಂದು ಕೇಳಿದ. ಅಪ್ಪ ಧೈರ್ಯವಾಗಿ ಹಿಂದಕ್ಕೆ ಕರೆದುಕೊಂಡು ಹೋಗಿ ಬೆಳ್ಳುಳ್ಳಿಯ ಚೀಲ ತೋರಿಸಿದ. ಮಾಲು ಇದು, ಇವರೆಲ್ಲ ಮಾಲು ಇಳಿಸಲು ಬಂದವರು ಎಂದ.

ಪೊಲೀಸ್ ಒಳಗೆ ಇಣುಕಿದ. ನಾನೂ ಇಣುಕಿದೆ. ನಾಲ್ವರು ಹೆಂಗಸರ ಜೊತೆಗೆ, ನಾನು ಜನ್ಮದಲ್ಲಿ ನೋಡಿರದ ಮೂವರು ಗಂಡಸರು ಕೂತಿದ್ದರು. ಇಬ್ಬರು ಕಾರ್ಖಾನೆಯ ನೀಲಿ ಅಂಗಿಯವರು. ಒಬ್ಬ ಮುದುಕ. ಮೂವರ ಕೈಯಲ್ಲೂ ನಮ್ಮ ಮನೆಯ ಚಕ್ಕುಲಿ.

“ಒಂದು ಚೀಲ ಇಳಿಸಲು ಏಳು ಜನವೇ?” ಎಂದು ಪೊಲೀಸ್ ಮರಾಠಿಯಲ್ಲಿ ಕೇಳಿದ.

“ಭಾಳ ವಜ್ಜಿ ಅದರೀ,” ಎಂದಳು ಅವ್ವ ಕನ್ನಡದಲ್ಲೇ. ಕಾಕು ಅದನ್ನು ಮರಾಠಿಗೆ ತಿರುಗಿಸಿ ಹೇಳಿದಳು.

ಆಮೇಲೆ ತಿಳಿದ ಸಂಗತಿ ಇಷ್ಟು. ವಾಘೋಲಿಯಲ್ಲಿ ಗಾಡಿ ನಿಂತಾಗ, ಹಿಂದೆ ಮೆಟ್ಟಿಲು ಕಂಡು, ಬೆಂಚು ಖಾಲಿ ಕಂಡು, ಸೀಟು ತುಂಬಿಕೊಂಡು ಹೋಗುವ ಗಾಡಿ ಎಂದು ತಿಳಿದು ಒಬ್ಬೊಬ್ಬರಾಗಿ ಹತ್ತಿದ್ದರು. ಅವ್ವ ಅವರನ್ನು ತಡೆಯಲಿಲ್ಲ. ಯಾಕೆ ಎಂದು ನಾನು ಕೇಳಿದ್ದಕ್ಕೆ, “ನೀ ನಿಲ್ಲಿಸಿದಿ, ಅವರು ಹತ್ತಿದ್ರು. ನಿನ್ನ ಗುರ್ತಿನವರು ಅಂತ ತಿಳಕೊಂಡೆ. ಗುರ್ತಿನವ್ರಿಗೆ ಚಕ್ಲಿ ಕೊಡಬ್ಯಾಡೇನು?” ಎಂದಳು.

ಅಪ್ಪನಿಗೆ ಆಗ ಇದೊಂದೂ ಗೊತ್ತಿರಲಿಲ್ಲ. ಆದರೂ ಅವನು ಹೆಚ್ಚು ತಡವರಿಸಲಿಲ್ಲ. ಇವರೆಲ್ಲ ಮನೆಯವರೇ ಸಾಹೇಬ, ದೇವರಿಗೆ ಹೊರಟಿದ್ದೇವೆ ಎಂದ. ಪೊಲೀಸ್ ಮೊದಲ ನೀಲಿ ಅಂಗಿಯವನತ್ತ ಬೆರಳು ಮಾಡಿ, “ಹಾ ಕೋಣ?” ಇವನ್ಯಾರು ಎಂದ.

“ನನ್ನ ತಮ್ಮರೀ,” ಎಂದಳು ಅವ್ವ.

ಪೊಲೀಸ್ ಅವನನ್ನೇ ಕೇಳಿದ, ಈಕೆ ನಿನಗೆ ಏನಾಗಬೇಕು? ಅವನು ಯಾದಗಿರಿ ಕಡೆಯ ಹುಡುಗ, ರಾಂಜಣಗಾಂವದ ಕಾರ್ಖಾನೆಗೆ ಪಾಳಿಗೆ ಹೊರಟವನು. ದಾರಿಯುದ್ದಕ್ಕೂ ಅವ್ವನೊಂದಿಗೆ ಕನ್ನಡದಲ್ಲಿ ಮಾತಾಡಿ ಹೊಟ್ಟೆ ತುಂಬ ಅವಲಕ್ಕಿ ತಿಂದಿದ್ದ. ಚಕ್ಕುಲಿ ನುಂಗಿಕೊಂಡು, “ಅಕ್ಕ” ಎಂದ. ನಮಗೆಲ್ಲ ಸ್ವಲ್ಪ ಉಸಿರು ಬಂತು.

“ಮತ್ತೆ ಇವನು?”

“ಅವನೂ ತಮ್ಮನ.”

ಎರಡನೆಯವನು ಉತ್ತರದ ಕಡೆಯವನು. ಕನ್ನಡವೂ ಬಾರದು, ಮರಾಠಿಯೂ ಬಾರದು. ಆದರೆ ಸಹಾಯ ಮಾಡಬೇಕೆಂಬ ಮನಸ್ಸು ಮಾತ್ರ ಇತ್ತು. ಅವ್ವನ ಕಡೆ ಕೈಮುಗಿದು, “ಮೌಸೀ ಹೈ ಸಾಬ್,” ಎಂದ. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಅಕ್ಕ, ಇನ್ನೊಬ್ಬನಿಗೆ ಚಿಕ್ಕವ್ವ. ಪೊಲೀಸ್ ಮೀಸೆಯ ಮೇಲೆ ಕೈಯಾಡಿಸಿಕೊಂಡ. ಆಗಲೂ ಏನಾದರೂ ಹೇಳಿ ದಾಟಬಹುದಿತ್ತೇನೋ. ಆದರೆ ಆ ಮುದುಕ, ಪ್ರಾಮಾಣಿಕ ಮನುಷ್ಯ, ಗಾಡಿ ನಿಂತಿದ್ದು ತನ್ನ ಊರೇ ಎಂದು ತಿಳಿದು ನಿಧಾನವಾಗಿ ಇಳಿದು, ಜೇಬಿನಿಂದ ನೋಟು ತೆಗೆದು ಅಪ್ಪನ ಮುಂದೆ ಹಿಡಿದು, “ಭಾಡ ಕಿತೀ ಝಾಲ?” ಎಂದು ಬಾಡಿಗೆ ಕೇಳಿದ.

ಪೊಲೀಸ್ ನಕ್ಕುಬಿಟ್ಟ. ನಕ್ಕರೂ ದಂಡದ ಚೀಟಿ ಹರಿದುಕೊಟ್ಟ. ಬೈಯಲಿಲ್ಲ. ಮಾಲಿನ ಗಾಡಿ ಮಗುಚಿದರೆ ಹಿಂದೆ ಕೂತವರ ಗತಿ ಏನಾಗುತ್ತದೆ ಎಂದು ತಾನು ಈ ರಸ್ತೆಯಲ್ಲಿ ನೋಡಿದ್ದನ್ನು ಅಪ್ಪನಿಗೆ ಮೆಲ್ಲಗೆ ಹೇಳಿದ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಬಾಡಿಗೆ ತೆಗೆದುಕೊಳ್ಳುವ ಬದಲು ಮುದುಕನಿಗೆ ಅವ್ವ ಇನ್ನೆರಡು ಚಕ್ಕುಲಿ ಕೊಟ್ಟು ಕಳಿಸಿದಳು.

ಹಿಂದೆ ಯಾರೂ ಕೂಡುವ ಹಾಗಿಲ್ಲ, ಡ್ರೈವರನ ಪಕ್ಕ ಒಬ್ಬರು ಮಾತ್ರ ಎಂದು ಪೊಲೀಸ್ ತೀರ್ಪು ಕೊಟ್ಟ. ನೀಲಿ ಅಂಗಿಯವರೂ ಸೇರಿ ಉಳಿದವರಿಗಾಗಿ ತಾನೇ ಒಂದು ಕಪ್ಪು-ಹಳದಿ ಬಾಡಿಗೆ ಜೀಪನ್ನು ತಡೆದು ನಿಲ್ಲಿಸಿದ. ಅದು ಪರ್ಮಿಟ್ ಇದ್ದ ಗಾಡಿ. ಒಳಗೆ ಆಗಲೇ ಜನ ಒಬ್ಬರ ತೊಡೆಯ ಮೇಲೊಬ್ಬರು ಇದ್ದರು. ಅವ್ವ ಜೀಪಿನ ಮುಚ್ಚಿದ ಗಾಜುಗಳನ್ನು ನೋಡಿದಳು. “ನಾ ಒಲ್ಲೆ. ನಾ ಇಲ್ಲೇ ಕೂಡ್ತೀನಿ, ನೀವು ಬರೂತನ,” ಎಂದು ಬೆಳ್ಳುಳ್ಳಿ ಚೀಲವನ್ನು ಇಳಿಸಲು ಹೇಳಿದಳು, ಅದರ ಮೇಲೆ ಕೂಡಲು.

“ಆಜಿ, ತುಮ್ಹೀ ಪುಢ ಬಸಾ,” ಎಂದ ಪೊಲೀಸ್. ಅಜ್ಜಿ, ನೀವು ಮುಂದೆ ಕೂಡಿರಿ.

ಎಲ್ಲರೂ ಅಪ್ಪನನ್ನು ನೋಡಿದೆವು. ಅಪ್ಪ ಮುಂದಿನ ಸೀಟನ್ನು ನೋಡಿದ. ಇಂಥ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಬೇರೆ ದಾರಿ ಇಲ್ಲದೆ ಅವನು ಜೀಪಿನ ಹಿಂಬದಿಯ ಅಡ್ಡ ಸೀಟಿನಲ್ಲಿ, ಕಾಕು ಮತ್ತು ಯಾರದೋ ಕೋಳಿಬುಟ್ಟಿಯ ನಡುವೆ ತೂರಿಕೊಂಡ. ಅವ್ವ ನಿಂಬೆಹಣ್ಣು ಒಂದು ಕೈಯಲ್ಲಿ, ಪ್ಲಾಸ್ಟಿಕ್ ಚೀಲ ಇನ್ನೊಂದು ಕೈಯಲ್ಲಿ ಹಿಡಿದು ನನ್ನ ಪಕ್ಕ ಹತ್ತಿ ಕೂತು, ದೇವರ ಹೆಸರು ಹೇಳಿ ಕಣ್ಣು ಮುಚ್ಚಿಕೊಂಡಳು.

ನಾನು ನಿಧಾನಕ್ಕೆ ಓಡಿಸಿದೆ. ಸ್ವಲ್ಪ ದೂರ ಹೋದ ಮೇಲೆ ಅವಳು ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು.

“ಏ, ಮುಂದ ಎಲ್ಲಾ ಕಾಣಸ್ತದಲ್ಲೋ!”

“ಹೌದಲ್ಲಬೇ. ಮುಂದಿನ ಸೀಟ್ ಅಲ್ಲಾ?”

“ತಗ್ಗು ಬರೂದು ಮೊದ್ಲ ಗೊತ್ತಾಗ್ತದ. ಗಾಡಿ ತಿರಗೂದು ಗೊತ್ತಾಗ್ತದ. ಆ ಲಾರಿ ನೋಡು, ಕೈ ಮಾಡಲಾರದ ತಿರಗಸ್ಯಾನ, ಬೈ ಅವಗ!” ಸೀಟಿನಲ್ಲಿ ಮುಂದಕ್ಕೆ ಸರಿದು ಕೂತಳು. ಕಾರ್ಖಾನೆಗಳ ಗೇಟುಗಳು ಬಂದವು, ಅವುಗಳ ಬಗ್ಗೆ ಮಾತು. ಕಬ್ಬಿನ ಟ್ರ್ಯಾಕ್ಟರ್ ಬಂತು, ಅದರ ಬಗ್ಗೆ ಮಾತು. ನಿಂಬೆಹಣ್ಣು ಯಾವಾಗಲೋ ಕಾಲ ಬಳಿ ಉರುಳಿತ್ತು. ದೇವಸ್ಥಾನದ ಕಮಾನು ಕಂಡಾಗ ಅವಳು ಥಟ್ಟನೆ ಸುಮ್ಮನಾದಳು. ನಾನು ಹೆದರಿ ಚೀಲ ಎತ್ತಿಕೊಂಡೆ.

“ಅಲ್ಲೋ,” ಎಂದಳು, “ಮದಿವ್ಯಾಗಿ ಬಂದಾಗಿಂದ ನನ್ನ ಯಾರೂ ಮುಂದ ಕೂಡ್ಸೇ ಇಲ್ಲಲ್ಲೋ.”

ನಾನು ಚೀಲ ಕೆಳಗಿಟ್ಟೆ. ನಿಜವೇ ಆಗಿತ್ತು. ಯಾವ ಕಾರಾದರೂ ಗಂಡಸರು ಮುಂದೆ, ಅಪ್ಪ ಇಲ್ಲದಿದ್ದರೆ ಭಾವ, ಭಾವ ಇಲ್ಲದಿದ್ದರೆ ನಾನು. ಹೆಂಗಸರು ಚೀಲ, ಡಬ್ಬಿ, ಮಕ್ಕಳೊಂದಿಗೆ ಹಿಂದೆ. ಡಾಕ್ಟರರನ್ನು ಕೇಳಿದ್ದೆವು, ಗುಳಿಗೆ ಕೊಡಿಸಿದ್ದೆವು, ಕೊನೆಗೆ ಪಿಕಪ್ಪಿನ ಮೇಲೆ ಮನೆಯನ್ನೇ ಕಟ್ಟಿದ್ದೆವು.

ಜೀಪು ನಮಗಿಂತ ಸ್ವಲ್ಪ ತಡವಾಗಿ ಬಂತು. ಎಲ್ಲರಿಗಿಂತ ಮೊದಲು ಇಳಿದವನು ಅಪ್ಪ. ಯಾರೊಂದಿಗೂ ಮಾತಾಡದೆ ಹೂವಿನ ಅಂಗಡಿಗಳ ಹಿಂದಿನ ಗೋಡೆಯ ಕಡೆ ನೇರ ನಡೆದ. ಅವನ ಬೆನ್ನು ಎರಡು ಸಲ ಬಗ್ಗಿತು. ಅವ್ವ ನೀರಿನ ತಂಬಿಗೆ ತೆಗೆದುಕೊಂಡು ಹೋಗಿ, ಬೆನ್ನು ನೀವಿ, ಬಿದ್ದಿದ್ದ ನಿಂಬೆಹಣ್ಣನ್ನು ಒರೆಸಿ ಅವನ ಮೂಗಿಗೆ ಹಿಡಿದಳು. “ಕೋಳಿ ವಾಸನಿ,” ಎಂದ ಅಪ್ಪ. “ಹೂಂನ್ರಿ, ಕೋಳಿದೇ,” ಎಂದಳು ಅವ್ವ.

ನೈವೇದ್ಯ ಚೆನ್ನಾಗಿ ಆಯಿತು. ನನ್ನ ಹೆಂಡತಿ ನನ್ನನ್ನು ಗಣಪತಿಯ ಮುಂದೆ ನಿಲ್ಲಿಸಿ ಬಹಳ ಹೊತ್ತು ಕಣ್ಣು ಮುಚ್ಚಿ ಏನೋ ಬೇಡಿಕೊಂಡಳು. ಉಳಿದ ಅರ್ಧ ಕೆಲಸದ ಬಗ್ಗೆಯೇ ಇರಬೇಕು. ಬೆಳ್ಳುಳ್ಳಿಯ ಚೀಲವನ್ನು ಹೊರಗಿನ ಊಟದ ಖಾನಾವಳಿಯವನಿಗೆ ಅಪ್ಪ ಮಾರಿದ. ಹೀಗಾಗಿ ಗಾಡಿ ಮಾಲು ತಂದಿತ್ತು ಎಂಬ ಮಾತು ಕೊನೆಗೂ ಸುಳ್ಳಾಗಲಿಲ್ಲ.

ವಾಪಸಾಗುವಾಗ ಹೊಸ ತಕರಾರು ಎದ್ದಿತು. ಮುಂದಿನ ಸೀಟಿಗೆ ಅವ್ವ ಹತ್ತಲು ಹೋದರೆ ಚಿಕ್ಕವ್ವ ಸೆರಗು ಹಿಡಿದಳು.

“ನೀ ಬರಾಗ ಕುಂತೀದಿ. ಈಗ ನಾ. ನನಗೂ ಗಾಡಿ ಆಗಂಗಿಲ್ಲ.”

“ಯಾವಾಗಿಂದ?”

“ಮೊದಲಿಂದ. ನಿನ್ನ ಗದ್ದಲದಾಗ ನಂದ್ಯಾರು ಕೇಳ್ಬೇಕು? ನಾ ಸುಮ್ಮ ನುಂಗಿಕೊಂಡ ಕೂಡ್ತಿದ್ದೆ.”

ಕಾಕುವೂ ತನಗೆ ಮಹಾಬಳೇಶ್ವರದ ಘಾಟಿನಲ್ಲಿ ಆದದ್ದನ್ನು ಹೇಳಿದಳು. ನನ್ನ ಹೆಂಡತಿ ಆಗಲೇ ಮುಂದಿನ ಬಾಗಿಲಿನ ಹಿಡಿಕೆ ಹಿಡಿದುಕೊಂಡಿದ್ದಳು. ಕೊನೆಗೆ ದಾರಿಯನ್ನು ಪಾಲು ಮಾಡಿಕೊಂಡರು. ಮೂವರು ಬಸ್ಸಿನಲ್ಲಿ ಅಪ್ಪನ ಜೊತೆ, ಒಬ್ಬರು ನನ್ನ ಜೊತೆ, ಪ್ರತಿ ದೊಡ್ಡ ನಿಲ್ದಾಣದಲ್ಲಿ ಅದಲುಬದಲು. ಬಸ್ಸಿನ ಹಿಂದೆ ಹಿಂದೆ ಪಿಕಪ್ ಓಡಿಸುತ್ತ, ನಿಂತಲ್ಲೆಲ್ಲ ಒಬ್ಬರನ್ನು ಇಳಿಸಿ ಒಬ್ಬರನ್ನು ಹತ್ತಿಸಿಕೊಳ್ಳುತ್ತ ಮನೆ ಮುಟ್ಟುವಾಗ ನನಗೇ ತಲೆ ತಿರುಗುತ್ತಿತ್ತು.

ಸೋಮವಾರ ಬೆಳಿಗ್ಗೆ ಬೆಂಚು ಬಿಚ್ಚಲು ಹೋದರೆ ಬರಲಿಲ್ಲ. ಮನುಷ್ಯರು ಕೂಡುವ ಜಾಗ, ಅಲುಗಬಾರದು ಎಂದು ಮಿಸ್ತ್ರಿ ಬೋಲ್ಟಿನ ಮೇಲೆ ವೆಲ್ಡಿಂಗ್ ಕೂಡ ಮಾಡಿಬಿಟ್ಟಿದ್ದ. ಅವನು ಬೇರೆ ಊರಿನ ಕೆಲಸ ಮುಗಿಸಿ ಬರುವವರೆಗೆ ಒಂದು ವಾರ ಬೆಳ್ಳುಳ್ಳಿ ಚೀಲಗಳು ಬೆಂಚಿನ ಮೇಲೆ ಎದುರುಬದುರು ಕೂತು ಊರೆಲ್ಲ ತಿರುಗಿದವು. ಕಡೆಗೆ ಬಂದು ಗ್ಯಾಸಿನಿಂದ ಕೊಯ್ಯುವಾಗ ಮಿಸ್ತ್ರಿಯ ಮುಖ ನೋಡಲಾಗುತ್ತಿರಲಿಲ್ಲ. ಇಷ್ಟು ಗಟ್ಟಿ ಕೆಲಸವನ್ನು ಯಾರಾದರೂ ಕೊಯ್ಯಿಸುತ್ತಾರೆಯೇ ಎಂದು ಎರಡು ಸಲ ಕೇಳಿದ.

ಒಂದು ಬೆಂಚನ್ನು ಅವನೇ ಇಟ್ಟುಕೊಂಡ. ಇನ್ನೊಂದನ್ನು ಅಪ್ಪ ಅಂಗಡಿಯ ಮುಂದೆ ಗಿರಾಕಿಗಳಿಗೆಂದು ಹಾಕಿಸಿದ. ಮೆತ್ತೆ ಮೆತ್ತಗಿದೆ, ಜಾಗ ದೊಡ್ಡದಿದೆ. ಮೊದಲು ನಿಂತುಕೊಂಡೇ ದರ ಕೇಳಿ ಹೋಗುತ್ತಿದ್ದವರು ಈಗ ಕಾಲು ಚಾಚಿ ಕೂತು, ಚಹಾ ತರಿಸಿಕೊಂಡು, ಸೋಲಾಪುರದಲ್ಲಿ ಏನು ದರ, ನಾಸಿಕದಲ್ಲಿ ಏನು ದರ ಎಂದು ಫೋನು ಮಾಡಿ ವಿಚಾರಿಸಿ ಚೌಕಾಸಿ ಮಾಡುತ್ತಾರೆ. “ಆ ಬೆಂಚಿನಿಂದ ನನ್ನ ಧಂದೆ ಮುಳಗ್ತದ,” ಎಂದು ಅಪ್ಪ ದಿನವೂ ಒಮ್ಮೆ ಹೇಳುತ್ತಾನೆ. ಹೇಳಿ, ತಾನೂ ಹೋಗಿ ಅವರ ಪಕ್ಕ ಕೂಡುತ್ತಾನೆ.